ಕಡಲಿಗೆ ಬಿಟ್ಟ ಉಡಿ

“ನೀರಿನ ಹೆಸರು ಎತ್ತಬ್ಯಾಡ ಅಂತ ಎಷ್ಟು ಸಲ ಹೇಳ್ಲಿ ನಿನಗ?”

ಮಗ ಹಂಪೇಶನಿಗೆ ಹೀಗೆಂದು ಕೊಟ್ರಬಸಮ್ಮ ಕೈಯಲ್ಲಿದ್ದ ಅಡಕೊತ್ತನ್ನು ನೆಲಕ್ಕೆ ಕುಕ್ಕಿದಳು. ಅಡಿಕೆ ಹೋಳುಗಳು ಚದುರಿ, ಅದರಲ್ಲೊಂದು ಟೂರಿನ ಏಜೆಂಟ್ ಯರ್ರೆಪ್ಪನ ಕಾಲ ಬಳಿ ಹೋಗಿ ನಿಂತಿತು. ಯರ್ರೆಪ್ಪ ಅದನ್ನು ಕಾಣದವನಂತೆ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತ. ಅವನಿಗೆ ಬೇಕಿದ್ದುದು ಒಂದೇ ಒಂದು ಗುರುತು. ಫಾರಂ ಮಿಕ್ಕೆಲ್ಲ ತುಂಬಿತ್ತು. ಮದ್ರಾಸಿನವರೆಗೆ ರೈಲು, ಅಲ್ಲಿಂದ ಅಂಡಮಾನಿಗೆ ಮೂರು ದಿನದ ಹಡಗು, ಪೋರ್ಟ್ ಬ್ಲೇರಿನಲ್ಲಿ ವಸತಿ. ಹಡಗು ಇಳಿದ ಮಾರನೆಯ ದಿನದ ಮುಂದೆ ಮಾತ್ರ ಎರಡು ಖಾಲಿ ಚೌಕಗಳಿದ್ದವು. ಲಾಂಚಿನಲ್ಲಿ ಒಂದು ದ್ವೀಪಕ್ಕೆ ಹೋಗಿ ಸಂಜೆಯವರೆಗೆ ಕಡಲತೀರದಲ್ಲಿರುವುದು ಒಂದು. ವ್ಯಾನಿನಲ್ಲಿ ಊರು ಸುತ್ತಿ ಗುಡಿ, ಹಳೆಯ ಜೈಲು ನೋಡುವುದು ಇನ್ನೊಂದು. ಒಂದು ಮನೆಯವರು ಒಂದೇ ಕಡೆ ಹೋಗಬೇಕೆಂಬುದು ಯರ್ರೆಪ್ಪನ ಕಾನೂನು.

ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಹಂಪೇಶನಿಗೆ ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಸಲ ಬ್ಯಾಂಕು ಪ್ರವಾಸಕ್ಕೆ ಕೊಡುವ ಎಲ್‌ಟಿಸಿ ಬಳಸುವ ಮನಸ್ಸಾಗಿತ್ತು. ತಾಯಿ, ಹೆಂಡತಿ, ತಾನು. ಮಗನಿಗೆ ಆ ವರ್ಷ ಎಸ್‌ಎಸ್‌ಎಲ್‌ಸಿ ಇದ್ದುದರಿಂದ ಅವನು ಹಾಸ್ಟೆಲಿನಲ್ಲೇ ಉಳಿಯುವವನಿದ್ದ.

“ಯವ್ವಾ, ಎಲ್ಲಾರೂ ಅಲ್ಲಿಗೆ ಹೋಗೂದು ಸಮುದ್ರ ನೋಡಾಕಂತನ…” ಎಂದ ಹಂಪೇಶ.

“ನೋಡ್ಲಿ. ಕಳಕೊಂಡವ್ರು ಯಾರೂ ನೋಡಾಕ ಹೋಗೂದಿಲ್ಲ. ನನ್ನ ಮಗಳನ್ನ ನೀರು ನುಂಗೈತಿ. ಈಜು ಬರ್ತಿದ್ದಾಕಿ ನಿಂತು ನೋಡ್ಯಾಳ!”

ಬಾಗಿಲ ಬಳಿ ನಿಂತಿದ್ದ ಸೊಸೆ ಗಂಗಾಂಬಿಕಾ ತಲೆ ತಗ್ಗಿಸಿದಳು. ಈ ಮಾತು ಅವಳಿಗೆ ಹೊಸದಲ್ಲ. ಆದರೂ ಬೇರೆಯವರ ಎದುರಿಗೆ ಅನ್ನಿಸಿಕೊಂಡಾಗ ಹೊಸದರ ಹಾಗೆಯೇ ನೋಯುತ್ತಿತ್ತು.

“ಗುಡಿ ಅಂತಾನ ಹಾಕ್ರಿ,” ಎಂದಳು ಗಂಡನಿಗೆ.

ಯರ್ರೆಪ್ಪ ಗುರುತು ಹಾಕಿಸಿಕೊಂಡು, “ಅಲ್ಲಿಗೆ ಹೋದ ಮ್ಯಾಲೆ ಮನಸು ಬದಲಾದ್ರೂ ಚಿಂತಿಲ್ರಿ. ನಾ ಸಂಗಾಟ ಇರ್ತೀನಿ,” ಎಂದು ಎದ್ದ. ಹೋಗುವ ಮುಂಚೆ ಕುಡಿಯಲು ನೀರು ಕೇಳಿದ. ಗಂಗಾಂಬಿಕಾ ತಂಬಿಗೆಯಲ್ಲಿ ತಂದುಕೊಟ್ಟಳು. ಅದೇ ಹೊತ್ತಿಗೆ ಕೊಟ್ರಬಸಮ್ಮನಿಗೂ ಬಾಯಾರಿತು. ಆಕೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಅಡುಗೆಮನೆಗೆ ಹೋಗಿ, ಮೂಲೆಯಲ್ಲಿದ್ದ ತನ್ನ ಬೇರೆ ಕೊಡದಿಂದ ತಾನೇ ಮೊಗೆದು ಕುಡಿದು ಬಂದಳು.

ಆ ಮನೆಯಲ್ಲಿ ಎರಡು ಕೊಡ. ಹದಿನಾರು ವರ್ಷದಿಂದ ಎರಡು ಕೊಡ.

ಗಂಗಾಂಬಿಕಾಳ ತವರು ಹಲವಾಗಲು. ಮನೆಯ ಹಿಂದೆಯೇ ತುಂಗಭದ್ರೆ. ನಡೆಯಲು ಕಲಿತ ಮರುವರ್ಷವೇ ಈಜಲು ಕಲಿತವಳು. ಗಂಡನ ಮನೆತನದ್ದು ಗುಡೇಕೋಟೆ. ಬಂಡೆಗಲ್ಲು, ಕುರುಚಲು ಗುಡ್ಡಗಳ ಸೀಮೆ. ಅಲ್ಲಿ ಹುಟ್ಟಿದವರಿಗೆ ಬಾವಿಯ ನೀರು ಸೇದಲು ಗೊತ್ತು, ನೀರಿಗೆ ಇಳಿಯಲು ಗೊತ್ತಿಲ್ಲ. ಮದುವೆಯಾದ ವರ್ಷ ಪಂಚಮಿಗೆ ಗಂಗಾಂಬಿಕಾ ತವರಿಗೆ ಹೊರಟಾಗ ನಾದಿನಿ ಶಾಂಭವಿಯೂ ಜೊತೆಗೆ ಬಂದಳು. ಹದಿನೇಳರ ಹುಡುಗಿ. ಶ್ರಾವಣದ ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಕಾಲು ತೊಳೆಯಲು ಮೆಟ್ಟಿಲಿಳಿದ ಶಾಂಭವಿ ಜಾರಿದಳು… ಗಂಗಾಂಬಿಕಾ ಉಟ್ಟ ಸೀರೆಯಲ್ಲೇ ಹಾರಿದಳು. ಜಡೆ ಕೈಗೆ ಸಿಕ್ಕಿತು. ಒಂದು ಗಳಿಗೆ, ಒಂದೇ ಗಳಿಗೆ ಹಿಡಿದಿದ್ದಳು! ಆಮೇಲೆ ಕೈಯಲ್ಲಿ ಉಳಿದದ್ದು ಜಡೆಯ ಕೆಂಪು ಕುಚ್ಚು ಮಾತ್ರ. ಎಂಟು ದಿನ ಹುಡುಕಿದರೂ ದೇಹ ಸಿಗಲಿಲ್ಲ.

ಅಂದಿನಿಂದ ಕೊಟ್ರಬಸಮ್ಮ ಸೊಸೆಯ ಹೆಸರು ಹಿಡಿದು ಕರೆಯಲಿಲ್ಲ, ಅವಳ ಕೈಯಿಂದ ನೀರು ಮುಟ್ಟಲಿಲ್ಲ. ಸೊಸೆ ಬಡಿದ ರೊಟ್ಟಿ ತಿನ್ನುತ್ತಿದ್ದಳು, ಮಾಡಿದ ಸಾರು ಉಣ್ಣುತ್ತಿದ್ದಳು. ಸಾರಿನಲ್ಲಿ ನೀರಿಲ್ಲವೇ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗಂಗಾಂಬಿಕಾ ಸೀರೆ ಕೇಳಿದವಳಲ್ಲ, ಒಡವೆ ಕೇಳಿದವಳಲ್ಲ. ಸಾಯುವುದರೊಳಗೆ ಅತ್ತೆ ತನ್ನ ಕೈಯಿಂದ ಒಂದು ಲೋಟ ನೀರು ಕುಡಿದರೆ ಸಾಕು ಎಂಬುದೊಂದೇ ಅವಳ ಆಸೆಯಾಗಿತ್ತು. ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ದ್ವೀಪಕ್ಕೆ ಹೋಗುವ ಆಸೆಯಿತ್ತು, ಅದೂ ಇದರೊಳಗಿಂದಲೇ ಹುಟ್ಟಿದ್ದು. ನೀರಿನ ಮುಂದೆ ಇಬ್ಬರೂ ಒಮ್ಮೆ ಒಟ್ಟಿಗೆ ನಿಂತರೆ ಏನಾದರೂ ಆದೀತೇನೋ ಎಂದು ಅವಳಿಗೆ ಅನ್ನಿಸಿತ್ತು.

ಹಡಗು ಹೊರಟ ಎರಡನೆಯ ದಿನ ಕೊಟ್ರಬಸಮ್ಮ ಮಲಗಿದಲ್ಲಿಂದ ಏಳಲಿಲ್ಲ. ಹಡಗಿನ ಹೊಯ್ದಾಟಕ್ಕೆ ವಾಂತಿ ಮಾಡಿ ಮಾಡಿ ಕಣ್ಣು ಒಳಗೆ ಹೋಗಿದ್ದವು. ಗಂಗಾಂಬಿಕಾ ಲೋಟ ಹಿಡಿದು ಪಕ್ಕದಲ್ಲಿ ಕೂತಳು.

“ಅತ್ತಿ, ಒಂದ ಗುಟುಕು ಕುಡೀರಿ. ತುಟಿ ಒಣಗ್ಯಾವ…”

ಅತ್ತೆ ಗೋಡೆಯ ಕಡೆ ಹೊರಳಿದಳು.

ಎದುರಿನ ಮಂಚದಲ್ಲಿದ್ದವರು ಅದೇ ಬ್ಯಾಂಕಿನ ಕೊಟ್ಟೂರು ಶಾಖೆಯ ಅಸದುಲ್ಲಾ ಮತ್ತು ಅವನ ಹೆಂಡತಿ ಖಾಜಾಬೀ. ನೋಡಲಾರದೆ ಖಾಜಾಬೀ ಎದ್ದು ತನ್ನ ಬಾಟಲಿ ಹಿಡಿದಳು. “ಅಮ್ಮಾರ, ನಮ್ದು ನೀರು ನಡೀತದೇನ್ರಿ ನಿಮಗ?”

ಸ್ನಾನವಿಲ್ಲದೆ, ಲಿಂಗಪೂಜೆಯಿಲ್ಲದೆ ತೊಟ್ಟು ನೀರು ಬಾಯಿಗಿಡದ ಕೊಟ್ರಬಸಮ್ಮ ಎದ್ದು ಕೂತು ಗಟಗಟನೆ ಕುಡಿದಳು. ಖಾಜಾಬೀ ನಾಚಿಕೆಯಿಂದ ಗಂಗಾಂಬಿಕಾಳ ಮುಖ ನೋಡದೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಗಂಗಾಂಬಿಕಾ ತನ್ನ ಲೋಟದ ನೀರನ್ನು ತಾನೇ ಕುಡಿದು ಲೋಟ ತೊಳೆದಿಟ್ಟಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಇನ್ನು ಕೇಳುವುದು ಬೇಡ ಅನ್ನಿಸಿತು, ಅಷ್ಟೇ.

ಮೂರನೆಯ ದಿನ ಮುದುಕಿಗೆ ಚೇತರಿಕೆಯಾಯಿತು. ಮಗ ಕೈಹಿಡಿದು ಮೇಲೆ ಕರೆದೊಯ್ದ. ಯಾವ ಕಡೆ ತಿರುಗಿದರೂ ನೀರು. ಕಂಬಿ ಹಿಡಿದು ಆಕೆ ಕೇಳಿದಳು:

“ಲೇ ಹಂಪೇಶಿ, ಇಷ್ಟು ನೀರು ಎಲ್ಲಿಂದ ಬರ್ತೈತಿ?”

“ಎಲ್ಲಾ ಹೊಳಿ ಕಡೀಗೆ ಸಮುದ್ರಕ್ಕ ಬರ್ತಾವವ್ವ.”

“ನಮ್ಮ ಹೊಳೀನೂ?”

“ನಮ್ಮ ಹೊಳಿ ಕೃಷ್ಣಿಗೆ ಕೂಡ್ತೈತಿ. ಕೃಷ್ಣಿ ಬಂದು ಸೇರೂದು ಇದಕ್ಕನ.”

ಹೇಳಿದ ಮೇಲೆ ಹಂಪೇಶನಿಗೆ ತಾಯಿ ಏನು ಕೇಳುತ್ತಿದ್ದಾಳೆಂದು ಹೊಳೆಯಿತು. ನಡುವೆ ಹೊಸಪೇಟೆಯ ಡ್ಯಾಂ ಇದೆ, ಹಲವಾಗಲಿನಲ್ಲಿ ಹೋದದ್ದು ಅದನ್ನು ದಾಟುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜನ್ಮದಲ್ಲಿ ಒಮ್ಮೆ ಅವನು ಜಾಣನಾದ. ಸುಮ್ಮನಿದ್ದ.

ಪೋರ್ಟ್ ಬ್ಲೇರಿನಲ್ಲಿ ಮಾರನೆಯ ಬೆಳಿಗ್ಗೆ ವ್ಯಾನು ಬಂದು ನಿಂತಿತ್ತು. ಎಲ್ಲರಿಗಿಂತ ಮೊದಲು ಪೂಜೆ ಮುಗಿಸಿದ್ದ ಕೊಟ್ರಬಸಮ್ಮ ಹತ್ತಿರದ ಅಂಗಡಿಗೆ ಹೋಗಿ ಒಂದು ಡಜನ್ ಹಸಿರು ಬಳೆಯನ್ನೂ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯನ್ನೂ ತಂದಿದ್ದಳು.

“ಯರ್ರೆಪ್ಪಾ, ನಾವು ಗುಡಿಗೆ ಬರೂದಿಲ್ಲ. ದಂಡಿಗೆ ಹೋಗ್ತೀವಿ.”

“ಯಾವ ದಂಡಿಗ್ರಿ?”

“ಸಮುದ್ರದ ದಂಡಿಗೆ! ಮನಸು ಬದಲಾದ್ರ ನಡೀತೈತಿ ಅಂದಿದ್ದೆಲ್ಲ?”

ಗಂಗಾಂಬಿಕಾ ಗಂಡನನ್ನು ನೋಡಿದಳು. ಗಂಡ ವ್ಯಾನಿನ ಚಕ್ರವನ್ನು ನೋಡಿದ. ಯರ್ರೆಪ್ಪ ವ್ಯಾನು ಬಿಟ್ಟುಕಳಿಸಿ ಇವರ ಜೊತೆಗೇ ಲಾಂಚು ಹತ್ತಿದ.

ದ್ವೀಪದ ಮರಳು ಬೆಳ್ಳಗಿತ್ತು. ನೀರು ಹತ್ತಿರದಲ್ಲಿ ತಿಳಿ, ದೂರದಲ್ಲಿ ನೀಲಿ. ಬಂದವರು ಈಜುವುದಕ್ಕೆಂದು ಒಳಗೆ ಹಗ್ಗ ಕಟ್ಟಿ ಗಡಿ ಮಾಡಿದ್ದರು. ಖಾಜಾಬೀ ಗಂಡನ ಜೊತೆ ಆಗಲೇ ಮೊಣಕಾಲು ನೀರಿನಲ್ಲಿ ನಗುತ್ತ ನಿಂತಿದ್ದಳು. ಕೊಟ್ರಬಸಮ್ಮ ಮರದ ನೆರಳಿನಲ್ಲಿ ಕೂತು ಚೀಲದಿಂದ ಹೊಸ ಖಣ ತೆಗೆದಳು. ಅದರಲ್ಲಿ ತೆಂಗಿನಕಾಯಿ ಇಟ್ಟಳು, ಬಳೆ ಇಟ್ಟಳು, ಅರಿಶಿನ ಕುಂಕುಮ ಇಟ್ಟಳು. ಕೊನೆಗೆ ಎಲೆಅಡಿಕೆಯ ಸಂಚಿಗೆ ಕೈಹಾಕಿ ಇನ್ನೊಂದು ವಸ್ತು ತೆಗೆದಳು. ಬಣ್ಣ ಮಾಸಿದ ಕೆಂಪು ಕುಚ್ಚು.

ಗಂಗಾಂಬಿಕಾ ಅದನ್ನು ಗುರುತಿಸಿದಳು. ಅಂದು ಹೊಳೆಯ ದಂಡೆಯ ಮೇಲೆ ತನ್ನ ಮುಷ್ಟಿ ಬಿಡಿಸಿ ಯಾರೋ ಅದನ್ನು ತೆಗೆದುಕೊಂಡಿದ್ದರು. ಹದಿನಾರು ವರ್ಷ ಅದು ಅತ್ತೆಯ ಸೊಂಟದಲ್ಲಿತ್ತು!

“ಮದುವಿ ಆಗಿದ್ರ ಎಷ್ಟು ಸಲ ಉಡಿ ತುಂಬ್ತಿದ್ದೆ ಆಕಿಗೆ,” ಎಂದಳು ಕೊಟ್ರಬಸಮ್ಮ, ಯಾರಿಗೂ ಅಲ್ಲದಂತೆ. “ಹೊಳಿ ಒಯ್ದಿದ್ದು ಹೊಳಿ ಹೋದಲ್ಲೇ ಇರ್ಬೇಕು. ಇಲ್ಲೇ ಎಲ್ಲೋ ಅದಾಳ.”

ಗಂಟು ಕಟ್ಟಿಕೊಂಡು ನೀರಿನ ಅಂಚಿಗೆ ಹೋದಳು. ಹಂಪೆಯ ಬಳಿ ಹೊಳೆಗೆ ಬಿಡುವ ಹಾಗೆ ಬಾಗಿ ಮೆಲ್ಲಗೆ ಬಿಟ್ಟು ಕೈಮುಗಿದಳು. ಕಣ್ಣು ಬಿಡುವುದರೊಳಗೆ ತೆರೆ ಬಂದು ಗಂಟನ್ನು ಅವಳ ಪಾದದ ಬಳಿಯೇ ಇಟ್ಟು ಹೋಯಿತು. ಇನ್ನೊಮ್ಮೆ ಬಿಟ್ಟಳು. ಇನ್ನೊಮ್ಮೆ ಬಂತು. ಹೊಳೆಯೆಂದರೆ ಕೊಟ್ಟದ್ದನ್ನು ಒಯ್ಯುವುದು. ಸಮುದ್ರ ಹಿಂದಕ್ಕೆ ಕೊಡುತ್ತದೆಂದು ಆ ಸೀಮೆಯವರಿಗೆ ಹೇಳಿದವರಾರು? ಮೂರನೆಯ ಸಲ ಗಂಟು ಕಾಲಿಗೆ ಬಡಿದಾಗ ಮುದುಕಿಯ ಮುಖ ಬಿಳುಚಿತು.

“ಒಲ್ಲೆ ಅಂತಾಳ… ನನ್ನ ಕೈಯಿಂದ ಒಲ್ಲೆ ಅಂತಾಳ!”

“ಹಂಗಲ್ರಿ ಅಮ್ಮಾ, ತೆರಿ ನೂಕ್ತಾವ,” ಎಂದ ಯರ್ರೆಪ್ಪ. “ಕೊಡ್ರಿ, ಬೋಟಿನವ್ರು ಒಳಗ ಹೋಗಿ ಬಿಟ್ಟು ಬರ್ತಾರ.”

“ಮಂದಿ ಕೈಲೆ ಬ್ಯಾಡ.”

ಕೊಟ್ರಬಸಮ್ಮ ಗಂಟು ಎತ್ತಿಕೊಂಡು ಮರಳಿನಲ್ಲಿ ಹಿಂದೆ ನಡೆದು ಬಂದಳು. ಸೊಸೆಯ ಎದುರಿಗೆ ನಿಂತಳು. ಮುಖ ನೋಡಲಿಲ್ಲ, ಕೈ ನೋಡಿದಳು.

“ಕಡೀಗೆ ಆಕಿನ್ನ ಹಿಡಿದಿದ್ದು ಈ ಕೈ,” ಎಂದಳು. “ಈ ಕೈಲೇ ಬಿಟ್ಟು ಬಾ.”

ಗಂಗಾಂಬಿಕಾ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು, ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದಳು. ಮೊಣಕಾಲು, ನಡು, ಎದೆ… ಆಮೇಲೆ ನೆಲ ಬಿಟ್ಟಳು. ಕೈಕಾಲುಗಳು ಏನನ್ನೂ ಮರೆತಿರಲಿಲ್ಲ. ಹಗ್ಗದ ಗಡಿಯವರೆಗೂ ಹೋಗಿ, ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಗಂಟು ಬಿಚ್ಚಿದಳು. ಕಾಯಿ ತೇಲಿತು, ಬಳೆ ಮುಳುಗಿದವು. ಕುಚ್ಚು ಮಾತ್ರ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. “ನಾ ಬಿಟ್ಟಿದ್ದಲ್ಲ ಶಾಂಭವೀ… ಅವತ್ತು ನಾ ಬಿಟ್ಟಿದ್ದಲ್ಲ…” ಎಂದಳು ಬಾಯಿಬಿಟ್ಟು. ಅದು ಯಾರಿಗೂ ಕೇಳುವಂತಿರಲಿಲ್ಲ. ಬೆರಳು ಬಿಡಿಸಿದಳು.

ಅದೇ ಹೊತ್ತಿಗೆ ದಂಡೆಯಿಂದ ಕೂಗು ಬಂತು. ಎದ್ದ ತೆರೆಯೊಂದರ ಹಿಂದೆ ಸೊಸೆಯ ತಲೆ ಮರೆಯಾದದ್ದನ್ನು ಕೊಟ್ರಬಸಮ್ಮ ನೋಡಿದ್ದಳು. ನೀರೆಂದರೆ ಹೆದರುವ ಅರವತ್ತೆಂಟರ ಹೆಂಗಸು ಸೀರೆ ತೊಯ್ಯಿಸಿಕೊಂಡು ಮೊಣಕಾಲಿನವರೆಗೆ ನುಗ್ಗಿದ್ದಳು.

“ಗಂಗಾ! ಸಾಕು, ಬಾ! ಹೊಳ್ಳಿ ಬಾ ನನ್ನವ್ವಾ… ಗಂಗಾ!”

ಹೆಸರು ಕೇಳಿ ಗಂಗಾಂಬಿಕಾ ಒಂದು ಕ್ಷಣ ಕೈ ಆಡಿಸುವುದನ್ನೇ ಮರೆತಳು. ಆಮೇಲೆ ದಂಡೆಯ ಕಡೆ ಈಜಿದಳು.

ತಲೆ ಮತ್ತೆ ಕಾಣಿಸಿದ್ದೇ ಮುದುಕಿಗೆ ಹೋದ ಜೀವ ಬಂತು. ಹೊಳೆಯ ದಂಡೆಯಲ್ಲಿ ಕೈ ತಾನಾಗಿ ಮಾಡುವ ಕೆಲಸವನ್ನು ಇಲ್ಲಿಯೂ ಮಾಡಿತು. ಬಗ್ಗಿ ಬೊಗಸೆ ನೀರೆತ್ತಿ ಕಣ್ಣಿಗೊತ್ತಿ, ತೀರ್ಥವೆಂದು ಬಾಯಿಗೆ ಸುರಿದುಕೊಂಡಳು. ನುಂಗಿದ ಮೇಲೆ ಗೊತ್ತಾಯಿತು! ನೆತ್ತಿಗೆ ಹತ್ತಿ, ಕೆಮ್ಮಿ ಕೆಮ್ಮಿ ಮರಳಿನ ಮೇಲೆ ಕೂತುಬಿಟ್ಟಳು. ಖಾಜಾಬೀ ಓಡಿಬಂದು ಬಾಟಲಿ ಹಿಡಿದಳು. ಕೊಟ್ರಬಸಮ್ಮ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಕೆಮ್ಮುತ್ತಲೇ ಕಾದಳು.

ಗಂಗಾಂಬಿಕಾ ನೀರು ಸೋರುವ ಸೀರೆಯಲ್ಲಿ ಬಂದು ಎದುರಿಗೆ ಕೂತಳು.

“ಪಂಚಮಿಗೆ ಆಕಿ ಒಲ್ಲೆ ಅಂದಿದ್ದಳು,” ಎಂದಳು ಕೊಟ್ರಬಸಮ್ಮ. “‘ಅತ್ತಿಗಿ ತವರಿಗೆ ನಾ ಯಾಕ ಹೋಗ್ಲಿ’ ಅಂದಿದ್ದಳು. ಹೊಸ ಬೀಗರು, ಹೋಗಲೇಬೇಕು ಅಂತ ಬೈದು ಕಳಿಸಿದಾಕಿ ನಾನು… ನಿನ್ನ ಕೈಯಾಗ ನೀರು ಕುಡಿದಿದ್ರ ತಪ್ಪೆಲ್ಲಾ ನನ್ನ ಮ್ಯಾಲೇ ಉಳೀತಿತ್ತು ಗಂಗಾ. ಅದನ್ನ ಹೊರಾಕ ಆಗಲಿಲ್ಲ ನನಗ.”

ಗಂಗಾಂಬಿಕಾಳಿಗೆ ಈಗ ಅಳು ಬಂತು. ಹಡಗಿನಲ್ಲಿ ಬರದಿದ್ದದ್ದು, ಅದಕ್ಕೂ ಹಿಂದಿನ ವರ್ಷಗಳಲ್ಲಿ ಬರದಿದ್ದದ್ದು ಎಲ್ಲ ಬಂತು. ಹಂಪೇಶ ನೀರಿನ ಬಾಟಲಿಯನ್ನು ಹೆಂಡತಿಯ ಕೈಗಿತ್ತು, ಕಣ್ಣೊರೆಸಿಕೊಳ್ಳಲು ಮರದ ಕಡೆ ಹೋದ.

ಕೊಟ್ರಬಸಮ್ಮ ಎರಡೂ ಕೈ ಸೇರಿಸಿ ಬಾಯಿಗೆ ಹಿಡಿದಳು. ಸೊಸೆ ನೀರು ಬಿಟ್ಟಳು. ಅರ್ಧ ಬೊಗಸೆಯಿಂದ ಮರಳಿಗೆ ಸೋರಿತು. ಒದ್ದೆ ಕೈಯಿಂದ ಇಳಿದ ಸಮುದ್ರದ ಹನಿಯೂ ಅದರಲ್ಲಿ ಸೇರಿತು. ಮುದುಕಿ ಕುಡಿದು ಮುಖ ಹಿಂಡಿದಳು.

“ಉಪ್ಪು ಆಗೇತಿ,” ಎಂದಳು.

ಗಂಗಾಂಬಿಕಾ ಗಾಬರಿಯಿಂದ ಬಾಟಲಿ ಹಿಂದಕ್ಕೆಳೆದಳು. “ಬ್ಯಾರೆ ತರ್ತೀನ್ರಿ ಅತ್ತಿ…”

ಕೊಟ್ರಬಸಮ್ಮ ಕೈ ತೆಗೆಯಲಿಲ್ಲ.

“ಇರ್ಲಿ. ಇನ್ನಷ್ಟು ಹಾಕು.”