ಎಡಗಿವಿಗೊಂದು, ಬಲಗಿವಿಗೊಂದು

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ 10.40.

ಬಾಗಿಲು ತೆರೆದರೆ ಗಿಟಾರ್ ಹೊತ್ತ ಯುವಕ. ಗಗನ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕಾಲನ್ನು.

"ಚಪ್ಪಲಿ ಅಲ್ಲೇ ಬಿಡಿ. ಒಳಗೆ ಸದ್ದು ಮಾಡಬಾರದು."

"ಉಸಿರಾಡಬಹುದಾ ಮೇಡಂ?"

ಅವಳಿಗೆ ನಗು ಬಂದೇಬಿಟ್ಟಿತು. ಆ ಮನೆಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ!

ಗಗನ ಭಾರತೀನಗರದ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬಳೇ. ತಾನೇ ಬರೆದ ಹಾಡೊಂದನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಆಸೆ. ಬಂದವನು ಚಲುವರಾಜು, ಮಳವಳ್ಳಿಯಲ್ಲಿ ಸರ್ವೆಯರ್. ಗಗನಳ ಸಹೋದ್ಯೋಗಿ ರೂಪ ಹೇಳಿ ಕಳಿಸಿದ್ದಳು.

ಗೋಡೆಗೆ ರಗ್ಗು ನೇತುಹಾಕಿ, ಫ್ಯಾನ್ ಆರಿಸಿ, ಬೆವರುತ್ತ ಹಲವು ಭಾನುವಾರ ಕೂತರು. ಕಬ್ಬಿನ ಟ್ರ್ಯಾಕ್ಟರ್ ಹಾದುಹೋದರೆ ಮತ್ತೆ ಮೊದಲಿನಿಂದ! 'ಮೇಡಂ' ಗಗನ ಆಯಿತು. 'ನೀವು' ನೀನಾಯಿತು. ಹಾಡಿನುದ್ದಕ್ಕೂ ಮೀಟುವ ಗಿಟಾರ್ ಒಂದು, ನಡುನಡುವೆ ಬಿಡಿ ಸ್ವರಗಳ ಗಿಟಾರ್ ಇನ್ನೊಂದು, ಎರಡನ್ನೂ ಅವನು ಒಂದೊಂದು ಸಲ ನುಡಿಸಿಕೊಟ್ಟ.

ದನಿಯನ್ನೂ ಗಿಟಾರನ್ನೂ ಬೆರೆಸುವ ಮಿಕ್ಸಿಂಗ್‌ಗೆ ಕೂತಾಗ ಗಿಟಾರ್ ತೆಳುವೆನಿಸಿತು. ಇನ್ನೊಂದು ಸಲ ನುಡಿಸು ಎನ್ನಲು ಸಂಕೋಚ... ವಾರವಿಡೀ ಹೊಲ ಅಳೆದು ದಣಿದವನು. ಸದ್ದು ಅಗಲವಾಗಿ ಹರಡಲೆಂದು ಎರಡೂ ಭಾಗಗಳನ್ನು ನಕಲು ಮಾಡಿ, ಮೂಲವನ್ನು ಎಡಗಿವಿಗೂ, ನಕಲಿನ ಅಲೆಯನ್ನು ತಲೆಕೆಳಗು ಮಾಡಿ ಬಲಗಿವಿಗೂ ಹಾಕಿದಳು. ನಡುವೆ ತನ್ನ ದನಿ.

ಹೆಡ್‌ಫೋನಿನಲ್ಲಿ ಅವನ ಗಿಟಾರ್ ಅವಳನ್ನು ಎರಡೂ ಕಡೆಯಿಂದ ಅಪ್ಪಿಕೊಂಡಂತಿತ್ತು! ಕೆನ್ನೆ ಬಿಸಿಯಾಯಿತು. ಹಾಡನ್ನು ಅವನಿಗೆ ಕಳಿಸಿದಳು.

ಮರುದಿನ ಉತ್ತರ ಬಂತು: "ನೀವು ಚೆನ್ನಾಗಿ ಹಾಡಿದ್ದೀರಿ."

ನೀವು...?

ಆಮೇಲೆ ಅವನು ಫೋನ್ ಎತ್ತಲಿಲ್ಲ. ಭಾನುವಾರ ಬಂತು, ಅವನು ಬರಲಿಲ್ಲ. ಗಗನ ರಗ್ಗುಗಳನ್ನು ಬಿಚ್ಚಲಿಲ್ಲ. ಸದ್ದು ನುಂಗುವ ಆ ಕೋಣೆಯಲ್ಲಿ ಅವಳ ಹೆಜ್ಜೆ ಅವಳಿಗೇ ಕೇಳುತ್ತಿರಲಿಲ್ಲ. ಮರೆತು ಎರಡು ಲೋಟ ಟೀ ಮಾಡುವಳು, ಒಂದನ್ನು ಚೆಲ್ಲುವಳು. 'ನನ್ನಲ್ಲಿ ಏನು ಬೇಸರವಾಯಿತು ಅವನಿಗೆ?'

ಒಂದು ಸಂಜೆ ಮನೆಯೊಡತಿ ಮಂಗಳಮ್ಮ ಬಂದು ಕೂತರು. "ನೀನು ಆಡಿದ್ದು ಒಸಿ ಕೇಳ್ಸವ್ವಾ."

ಗಗನ ಫೋನಿನಲ್ಲೇ ಹಾಕಿದಳು.

"ಗಿಟಾರು ಒತ್ಕಂಡು ಬತ್ತಿದ್ನಲ್ಲ ಆ ಉಡ್ಗ, ಅವ್ನು ಬಾರ್ಸಿದ್ದು ಎಲ್ಲವ್ವಾ? ನಿಂದೊಂದೇ ಗಂಟ್ಲು ಕೇಳ್ತದಲ್ಲಾ!"

ಗಗನ ಫೋನನ್ನು ತಿರುಗಿಸಿ ನೋಡಿದಳು. ಫೋನಿಗೆ ಒಂದೇ ಸ್ಪೀಕರ್! ಎಡವೂ ಬಲವೂ ಅದರಲ್ಲಿ ಕೂಡುತ್ತವೆ. ಒಂದು ಅಲೆ ಏರುವಲ್ಲಿ ಇನ್ನೊಂದು ಇಳಿದು, ಅವನ ಗಿಟಾರ್ ಪೂರ್ತಿ ಅಳಿಸಿಹೋಗಿತ್ತು. ವರ್ಷವರ್ಷವೂ ತರಗತಿಯಲ್ಲಿ ತಾನೇ ಕಲಿಸುವ ಪಾಠ...

ಮರುದಿನ ಮಳವಳ್ಳಿ ಬಸ್ಸು ಹತ್ತಿದಳು. ಕಚೇರಿಯ ಹೊರಗೆ, ಬೇವಿನ ಮರದಡಿ ಅವನು ಸಿಕ್ಕ.

"ನೀವ್ಯಾಕೆ ಬಂದ್ರಿ?"

"ಹೆಡ್‌ಫೋನ್ ಇಲ್ದೆ ಕೇಳ್ದ್ಯಾ?"

"ಅವ್ವಂಗೆ ಕೇಳಿಸ್ದೆ. ಈ ಹುಡ್ಗೀನೇ ಕಣವ್ವ ಅಂತ ಹೇಳೋನಿದ್ದೆ. ಅಷ್ಟ್ರಲ್ಲಿ ಅವ್ವ, 'ಇದ್ರಲ್ಲಿ ನೀನೆಲ್ಲಪ್ಪಾ ಇದ್ದೀಯ' ಅಂದ್ಳು." ಅವನು ಕಚೇರಿಯತ್ತ ತಿರುಗಿದ. "ಬುಡಿ. ಬೇಡ್ದಿದ್ರೆ ಬೇಡ ಅನ್ನಬಹುದಿತ್ತು."

ಗಗನ ಹಾಡು ಹಾಕಿ ತನ್ನ ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಅವನ ಹುಬ್ಬು ಮೆಲ್ಲಗೆ ಸಡಿಲಿತು.

"ಅಯ್ಯೋ... ನಾನಿದ್ದೀನಿ!"

"ಎರಡೂ ಕಡೆ ನೀನೇ ಕಣೋ. ನಿನ್ನ ಕೇಳೋಕೆ ಸಂಕೋಚ ಪಟ್ಟು ನಕಲು ಮಾಡ್ದೆ. ಅದೇ ನಿನ್ನ ಅಳಿಸಿಹಾಕ್ತು."

"ಈಗ ಕೇಳು."

"ಇನ್ನೊಂದ್ಸಲ ನುಡಿಸ್ತೀಯಾ?"

"ಅಷ್ಟೇನಾ ಕೇಳೋದು?"

ಅವಳ ಕಣ್ಣು ತುಂಬಿತು. "...ಜೊತೇಲೇ ಇರ್ತೀಯಾ?"

"ಇರ್ತೀನಿ ಕಣೆ. ಆದ್ರೆ ಆಗಾಗ ಫ್ಯಾನ್ ಹಾಕ್ಬೇಕು!"

ಮುಂದಿನ ಭಾನುವಾರ ಅವನು ಎರಡೂ ಭಾಗಗಳನ್ನು ಮತ್ತೆ ನುಡಿಸಿದ. ನಕಲಿನ ಜಾಗಕ್ಕೆ ಅದು ಬಂತು. ಫೋನಿನ ಒಂಟಿ ಸ್ಪೀಕರಿನಲ್ಲೂ ಈಗ ಗಿಟಾರ್ ತುಂಬಿಕೊಂಡು ಕೇಳಿತು.

"ಎರಡೂ ಒಂದೇ ಥರ ಬರ್ಲಿಲ್ಲ ಗಗನ. ಈ ಸಲ ಕೈ ಒಸಿ ತಡವಾಯ್ತು. ಸರಿ ಮಾಡ್ತೀಯಾ?"

"ಊಹೂಂ. ಹಾಗಿರೋದಕ್ಕೇ ನೀನು ಕೇಳಿಸ್ತಿರೋದು."

ಅವನ ಭುಜಕ್ಕೆ ತಲೆಯಾನಿಸಿ ಅವಳು ಪರದೆಯ ಮೇಲೆ ಅಳೆದಳು. ಎಡಗಿವಿಯ ಗಿಟಾರಿಗೂ ಬಲಗಿವಿಯ ಗಿಟಾರಿಗೂ ಮೊದಲ ಮೀಟಿನಲ್ಲಿ ಅಂತರ 18 ಮಿಲಿಸೆಕೆಂಡ್.