ಲೀಟರ್ ಡಬ್ಬಿಯ ಶಿಯಾ ಬೆಣ್ಣೆ

"ಮೋಸ! ಶುದ್ಧ ಮೋಸ ಇದು!"

ಚಿತ್ರದುರ್ಗದ ಆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಾಬೂನು, ಮುಲಾಮು ಮಾಡುವವರಿಗೆ ಎಣ್ಣೆ, ಮೇಣ, ಆಫ್ರಿಕಾದ ಶಿಯಾ ಬೀಜದಿಂದ ತೆಗೆದ ಬೆಣ್ಣೆ ಮಾರುವ ಅಂಗಡಿ ಅದು. ದೇವಿಕಾ ತನ್ನ ಮುಲಾಮಿನ ಡಬ್ಬಿಗಳನ್ನು ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳದ ಅಂಚಿನಿಂದ ಎಣ್ಣೆ ಜಿನುಗುತ್ತಿತ್ತು.

"ನೋಡ್ರಿ! ಹೊಸದುರ್ಗದ ಔಷಧಿ ಅಂಗಡಿಯೋರು ಅಷ್ಟೂ ವಾಪಸ್ ಕಳ್ಸವ್ರೆ. ಮುಲಾಮು ಗಟ್ಟಿಯಾಗದೆ ಹರೀತೈತೆ. ಶಿಯಾ ಬೆಣ್ಣೇಗೆ ಏನ್ ಬೆರೆಸಿದ್ರಿ?"

ಅಂಗಡಿಯ ದಯಾನಂದನ ಮುಖ ಬಿಗಿಯಿತು.

"ಏನೂ ಬೆರೆಸಿಲ್ಲ ಮೇಡಂ. ಒಂದು ಕೆಜಿ ಕೇಳಿದ್ರಿ, ಲೀಟರ್ ಡಬ್ಬಿ ತುಂಬಿ ಕೊಟ್ಟೆ. ಎರಡೂ ಒಂದೇ. ನೀವೇ ಎಣ್ಣೆ ಜಾಸ್ತಿ ಸುರಿದಿರ್ಬೇಕು. ಮನೇಲಿ ಒಗ್ಗರಣೆ ಹಾಕ್ದಂಗಲ್ಲ ಇದು!"

ಒಗ್ಗರಣೆಯಂತೆ...!

ದೇವಿಕಾಳ ಕಿವಿ ಬಿಸಿಯಾಯಿತು. ಕುರಿ ಹಿಂದೆ ಅಲೆದು ಅಜ್ಜಿ ಓಬವ್ವನ ಹಿಮ್ಮಡಿ ಬಿರಿದು ರಕ್ತ ಬರುವುದನ್ನು ನೋಡಲಾರದೆ ಶುರು ಮಾಡಿದ ಮುಲಾಮು ಅದು. ಅವಳೂರು ಜವನಗೊಂಡನಹಳ್ಳಿಯ ಹೆಂಗಸರು ಅವಳನ್ನು ನಂಬಿ ಕೈಜೋಡಿಸಿದ್ದರು. ಡಬ್ಬಿಗಳು ವಾಪಸ್ ಬಂದಾಗಿನಿಂದ ಯಾರೂ ಅವಳೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ.

"ಇನ್ನೊಂದ್ಸಲ ಈ ಮೆಟ್ಲು ಹತ್ತಿದ್ರೆ ಕೇಳ್ರಿ!"

ಹಿರಿಯೂರಿನ ಬಸ್ಸಲ್ಲಿ ಕೂತಾಗ ಕಣ್ಣು ತುಂಬಿತು. 'ಹೋದ ಸಲ ಬಿಸಿಲಲ್ಲಿ ನನ್ನ ಡಬ್ಬಿ ಹೊತ್ತು ಬಸ್‌ಸ್ಟ್ಯಾಂಡಿನವರೆಗೂ ಬಂದವನು ಇವನೇನಾ? ಒಳ್ಳೆಯವನು ಅಂದುಕೊಂಡೆನಲ್ಲ... ಛೇ!'

ಎರಡು ದಿನ ಕಳೆದಿತ್ತು. ಅವಳ ಅಂಗಳದಲ್ಲಿ ಬೈಕು ನಿಂತಿತು. ತಕ್ಕಡಿ, ಶಿಯಾ ಬೆಣ್ಣೆಯ ಸಮೇತ ದಯಾನಂದ ಇಳಿದ. ಹೆಂಗಸರೆಲ್ಲ ಅಲ್ಲೇ ಇದ್ದರು.

"ತಪ್ಪು ನಂದು," ಎಂದ. "ಇವ್ರು ಹೋದ್ಮೇಲೆ ಲೀಟರ್ ಡಬ್ಬಿ ತುಂಬಿ ತೂಗಿದೆ. ಒಂಬೈನೂರ ಹತ್ತು ಗ್ರಾಂ ಬಂತು! ನೀರಾದ್ರೆ ಲೀಟರಿಗೆ ಕೆಜಿ. ಈ ಬೆಣ್ಣೆ ನೀರಿಗಿಂತ ಹಗುರ. ಕೆಜಿ ಆಗ್ಬೇಕಂದ್ರೆ ಲೀಟರ್ ಮೇಲೆ ಇನ್ನೂ ನೂರು ಎಂಎಲ್ ಬೇಕಿತ್ತು. ಬೆಣ್ಣೆ ಕಮ್ಮಿ ಬಿದ್ದು ಎಣ್ಣೆ ಜಾಸ್ತಿ ಆಗೈತೆ. ದೇವಿಕಾ ಅವ್ರ ಕೈಯಿಂದ ಏನೂ ಕೆಟ್ಟಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ದೇವಿಕಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಇನ್ನೂ ಉಕ್ಕಿತು!

"ಅಂಗಡಿ ತುಂಬ ಜನರ ಮುಂದೆ ನನ್ನ ಮಾನ ಕಳೆದ್ರಿ. ಈಗ ಬಂದು ಹೇಳಿದ್ರೆ ಮುಗೀತಾ?"

"ಮುಗಿಯಲ್ಲ. ಎಷ್ಟು ಬೇಕಾದ್ರೂ ಬೈರಿ. ಆಮೇಲೆ ಮುಲಾಮು ಸರಿ ಮಾಡಾಣ."

ಅವಳು ಬೈದಳು. ಅವನು ಕೇಳಿದ. ಆಮೇಲೆ ಒಲೆಯ ಮುಂದೆ ಕೂತು, ವಾಪಸ್ ಬಂದಿದ್ದನ್ನೆಲ್ಲ ಕರಗಿಸಿ, ಕಮ್ಮಿಯಾದಷ್ಟು ಬೆಣ್ಣೆ ತೂಗಿ ಬೆರೆಸಿದರು. ಮುಲಾಮು ಗಟ್ಟಿಯಾಯಿತು. ಹೊಸದುರ್ಗದವರೂ ಒಪ್ಪಿದರು.

ಅಂದಿನಿಂದ ಬೆಣ್ಣೆ ತಲುಪಿಸಲು ಅವನೇ ಬರತೊಡಗಿದ. ಬಂದಾಗಲೆಲ್ಲ ಅವಳು ಏನಾದರೂ ಹುಡುಕಿ ಜಗಳ ತೆಗೆಯುತ್ತಿದ್ದಳು. ಒಂದು ವಾರ ಅವನು ಬರಲೇ ಇಲ್ಲ... ಆ ವಾರವಿಡೀ ಮನೆಯವರೆಲ್ಲ ಅವಳ ಬಾಯಿಗೆ ಸಿಕ್ಕಿ ಸೋತರು.

ಮುಂದಿನ ವಾರ ಬಂದವನು ಅಂಗಳದಲ್ಲೇ ನಿಂತ.

"ಮನೇಲಿ ನನ್ನ ಮದ್ವೆ ಮಾತು ನಡೀತೈತೆ."

ದೇವಿಕಾ ಮುಖ ತಿರುಗಿಸಿದಳು. "ಆಗ್ರಿ! ನನಗ್ಯಾಕೆ ಹೇಳ್ತೀರಿ?" ದನಿ ಅರ್ಧಕ್ಕೇ ಒಡೆಯಿತು.

"ನಿಮ್ಮ ಹೆಸರು ಹೇಳಿ ಬಂದೀನಿ."

"ನನ್ನ ಕೇಳ್ದೇನೇ?! ಎಷ್ಟು ಧೈರ್ಯ ರೀ ನಿಮಗೆ!"

"ಧೈರ್ಯ ಇಲ್ದೇನೇ ಹೋದ ವಾರ ಬರ್ಲಿಲ್ಲ. ಈಗ ಕೇಳ್ತೀನಿ..." ಅವನು ಒಂದು ಹೆಜ್ಜೆ ಮುಂದೆ ಬಂದ. "ದೇವಿಕಾ, ನನ್ನ ಮದ್ವೆ ಆಗ್ತೀಯಾ?"

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗದರಿದಳು.

"ಇಷ್ಟು ದಿನ ಎಲ್ಲಿ ಸತ್ತಿದ್ದೆ?"

"ಇಲ್ಲೇ... ನಿನ್ನ ಬೈಗುಳದ ಕೆಳಗೆ."

ನಗು ತಡೆಯಲಾಗಲಿಲ್ಲ ಅವಳಿಗೆ.

"ಬಾ ಒಳಗೆ. ಅಜ್ಜಿ ಮುಂದೆ ಇನ್ನೊಂದ್ಸಲ ಕೇಳು. ನಾನು ಅಲ್ಲೇ ಹೂಂ ಅಂತೀನಿ."