ರೋವೆನಾ ನಂಬದ ಜೊತೆಗಾರ

"ಯಾರ್ರೀ ನೀವು? ನನ್ನ ನೋಟ್‌ಬುಕ್ ಯಾಕೆ ಮುಟ್ಟಿದ್ರಿ!"

ಖಾಲಿ ತರಗತಿಯಲ್ಲಿ ರೋವೆನಾಳ ದನಿ ಖಂಗನೆ ಕೇಳಿತು. ಕಿಟಕಿಯ ಬಳಿ ನಿಂತಿದ್ದ ಯುವಕ ಬೆಚ್ಚಿಬಿದ್ದ.

"ಬಿಟ್ಟು ಹೋಗಿದ್ರಿ... ಹೆಸರು ಹುಡುಕ್ತಿದ್ದೆ."

"ಹೆಸರು ಮೊದಲ ಪುಟದಲ್ಲೇ ಇದೆ. ನೀವು ಓದ್ತಿದ್ದಿದ್ದು ನಡುವಿನ ಪುಟ!"

ಅವನ ಕಿವಿ ಕೆಂಪಾಯಿತು. 'ಕಳ್ಳ!' ಎಂದುಕೊಂಡಳು ರೋವೆನಾ.

ವ್ಯಾಪಾರದ ಗಂಧಗಾಳಿಯೂ ಇಲ್ಲದ ಪದವೀಧರರಿಗೆ ವ್ಯವಹಾರ, ಹಣಕಾಸು ಕಲಿಸುವ ಒಂದು ವರ್ಷದ ಕೋರ್ಸ್ ಅದು, ಕಡಲತೀರದ ಹ್ಯಾಲಿಫ್ಯಾಕ್ಸ್ ನಗರದಲ್ಲಿ. ಕಡಲ ಸಸ್ಯಗಳನ್ನು ಓದಿದ್ದ ರೋವೆನಾ ಮೋಷರ್‌ಗೆ ಒಂದೇ ಕನಸು. ತನ್ನೂರಿನ ಮೀನುಗಾರ ಹೆಂಗಸರು ಒಟ್ಟಾಗಿ ಕೊಲ್ಲಿಯಲ್ಲಿ ಕಡಲಪಾಚಿ ಬೆಳೆಯಬೇಕು! ನೋಟ್‌ಬುಕ್‌ನಲ್ಲಿದ್ದದ್ದು ಆ ಯೋಜನೆಯೇ. ಕೊಲ್ಲಿಯ ಗುತ್ತಿಗೆ ಮೊದಲು ಅರ್ಜಿ ಹಾಕಿದವರಿಗೆ; ಅದಕ್ಕೂ ಮುಂಚೆ ಪಾಚಿ ವ್ಯಾಪಾರದ ದೊಡ್ಡ ಕಂಪನಿಗೆ ಸುಳಿವು ಸಿಕ್ಕರೆ ಕೊಲ್ಲಿ ಅವರ ಪಾಲು.

ಅದೇ ಯೋಜನೆಯನ್ನು ಕೋರ್ಸಿನ ಪ್ರಾಜೆಕ್ಟಾಗಿ ಮಾಡಲು ಪ್ರೊಫೆಸರ್ ಕೊಟ್ಟ ಜೊತೆಗಾರನೂ ಅವನೇ... ಹಿಂದೆ ಚರ್ಚಿನಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದ ಎಲ್ಡನ್ ಥೆರಿಯೋ!

"ಚರ್ಚಲ್ಲಿ ಆರ್ಗನ್ ನುಡಿಸೋರಿಗೆ ಪಾಚಿ ಯಾಕಪ್ಪಾ?" ಎಂದು ಚುಚ್ಚಿದಳು.

"ಆ ಚರ್ಚು ಮುಚ್ಚಿಹೋಯ್ತು ರೀ. ದುಡ್ಡಿನ ಲೆಕ್ಕ ಹಾಕಿ ಅದನ್ನ ಉಳಿಸೋದು ಹೇಗಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಅದಕ್ಕೇ ಕಲಿಯೋಕೆ ಬಂದೆ."

ಅವಳ ಮನಸ್ಸು ಕರಗಿತು. ಆದರೂ ಅನುಮಾನ ಹೋಗಲಿಲ್ಲ.

"ಬಿರುಗಾಳಿಗೆ ಪಾಚಿ ಬೆಳೆಯೋ ಹಗ್ಗ ಹರಿದ್ರೆ ಆ ವರ್ಷ ನಿಮ್ಮೂರ ಹೆಂಗಸರು ಏನು ತಿಂತಾರೆ?" ಎಂದು ಅವನು ಕೇಳಿದ ದಿನ ರೋವೆನಾ ತಬ್ಬಿಬ್ಬಾದಳು. ಇಷ್ಟು ಕಾಳಜಿ ಯಾಕೆ ಇವನಿಗೆ? ವಾರಗಳು ಉರುಳಿದವು. 'ನೀವು' ಹೋಗಿ 'ನೀನು' ಬಂತು.

ಅರ್ಜಿ ಸಲ್ಲಿಸಲು ನಾಲ್ಕೇ ದಿನ ಇದ್ದಾಗ, ಬಂದರಿನ ಕಾಫಿ ಅಂಗಡಿಯಲ್ಲಿ ಅವಳು ಕಂಡಿದ್ದೇನು! ಅದೇ ದೊಡ್ಡ ಕಂಪನಿಯ ಮ್ಯಾನೇಜರ್ ಕೈಗೆ ಎಲ್ಡನ್ ಲಕೋಟೆ ಕೊಡುತ್ತಿದ್ದ.

ಅವನು ಹೊರಬಂದ ಕೂಡಲೇ ಅಡ್ಡ ನಿಂತಳು. "ಎಷ್ಟಕ್ಕೆ ಮಾರಿದೆ ನನ್ನ?"

ಎಲ್ಡನ್ ಮುಖ ಬಿಳಿಚಿತು. "ಮಾರಿಲ್ಲ, ರೋವೆನಾ."

"ಮತ್ತೆ ಆ ಲಕೋಟೆ?"

ಅವನು ಅವಳ ಕಣ್ಣನ್ನೇ ನೋಡಿದ. ಆಮೇಲೆ ತಿರುಗಿ ನಡೆದುಬಿಟ್ಟ.

ನಾಲ್ಕು ದಿನ ಒಬ್ಬಳೇ ದುಡಿದಳು. ಅರ್ಜಿ ಸಲ್ಲಿಸಿ, ರಸೀದಿ ಹಿಡಿದು ಗುತ್ತಿಗೆ ಕಚೇರಿಯ ಮೆಟ್ಟಿಲಿಳಿಯುವಾಗ ಅದೇ ಮ್ಯಾನೇಜರ್ ಎದುರಾದ.

"ನಮಗಿಂತ ಒಂದು ಗಂಟೆ ಮುಂಚೆ ಬಂದು ಗೆದ್ದುಬಿಟ್ಟೆ ಕಣಮ್ಮ! ನಿಮ್ಮೂರ ಯೋಜನೆ ತಂದುಕೊಟ್ರೆ ಕೆಲಸ ಅಂತ ನಿನ್ನ ಜೊತೆಗಾರನಿಗೆ ನೇಮಕದ ಪತ್ರವನ್ನೇ ಕಳಿಸಿದ್ದೆ. ಲಕೋಟೆ ಸಮೇತ ವಾಪಸ್ ಕೊಟ್ಟ, ಪೆದ್ದ! ನೀನಾದ್ರೂ ನಮ್ಮ ಜೊತೆ ಸೇರ್ತೀಯಾ?"

ರೋವೆನಾ ರಸೀದಿ ಮಡಚಿ ಜೇಬಿಗಿಟ್ಟಳು. ಓಡಿದಳು!

ಬಂದರಿನ ದೋಣಿ ಕಟ್ಟೆಯಲ್ಲಿ ಎಲ್ಡನ್ ಒಬ್ಬನೇ ನಿಂತಿದ್ದ.

"ಅವತ್ತೇ ಯಾಕೆ ಹೇಳ್ಲಿಲ್ಲ?" ರೋವೆನಾ ಅವನ ಎದುರು ಬಂದು ನಿಂತಳು.

"ಹೇಳಿದ್ರೆ ನಂಬ್ತಿದ್ಯಾ?"

ಇಲ್ಲ... ನಂಬುತ್ತಿರಲಿಲ್ಲ. ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಎಲ್ಡನ್. ನಿನ್ನ ಮೇಲೆ ಮನಸ್ಸಾಗಿತ್ತು... ಅದಕ್ಕೇ ಜಾಸ್ತಿ ಹೆದರಿದ್ದೆ."

ಅವನು ಹತ್ತಿರ ಬಂದ. "ನಂಗೂ ಆಗಿತ್ತು, ನಿನ್ನ ನೋಟ್‌ಬುಕ್ಕಿನ ನಡುವಿನ ಪುಟ ಓದಿದ ದಿನಾನೇ. ಇನ್ನೂ ಇದೆ."

"ಭಾನುವಾರ ಊರಿಗೆ ಬರ್ತೀಯಾ? ಅಮ್ಮನಿಗೆ ತೋರಿಸ್ಬೇಕು."

"ಯೋಜನೆನಾ?"

"ನಿನ್ನನ್ನ!"

ಮೊದಲ ಬಾರಿಗೆ ಅವನು ನಕ್ಕ. "ಅವ್ರಿಗೂ ನಿನ್ನ ಥರಾನೇ ಅನುಮಾನನಾ?"

"ನನಗಿಂತ ಜಾಸ್ತಿ..."

"ಹಾಗಾದ್ರೆ," ಎಲ್ಡನ್ ತನ್ನ ಬೆರಳುಗಳನ್ನು ಅವಳ ಬೆರಳಿಗೆ ಹೆಣೆದ, "ಅವ್ರ ಮುಂದೆ ನನ್ನ ಕೈ ಬಿಡ್ಬೇಡ."